ಜೊತೆಗಾರ ಹೋದ ಗಂಡು ಗಿನಿಪಿಗ್‌ಗೆ ಎಂಥಾ ಜೊತೆ ತರೋದು?

ಸಾಲಗಾಮೆ ರಸ್ತೆ ಜೆರಾಕ್ಸ್:
ನಮಸ್ಕಾರ. ಹಾಸನದಲ್ಲಿ ಸಣ್ಣ ಜೆರಾಕ್ಸ್ ಅಂಗಡಿ ನಂದು. ಮಗಳು ಪಿಯುಸಿ ಓದುವಾಗ ಹಟ ಮಾಡಿ ಎರಡು ಗಿನಿಪಿಗ್ ತರಿಸಿ ಬೆಲ್ಲ, ಕಡ್ಲೆ ಅಂತ ಹೆಸರಿಟ್ಲು. ಈಗ ಅವಳು ಮೈಸೂರಲ್ಲಿ ಹಾಸ್ಟೆಲ್ ಸೇರಿದಾಳೆ, ಇವು ನನ್ನ ಪಾಲಿಗೆ ಬಂದವು. ಎರಡೂ ಗಂಡು, ಮೂರು ವರ್ಷದವು. ಹೋದ ವಾರ ಬೆಲ್ಲ ತೀರ್ಕೊಂಡ.

ಕಡ್ಲೆ ಸಪ್ಪಗಾಗಿಬಿಟ್ಟಿದಾನೆ. ಮುಂಚೆ ಅಡುಗೆಮನೇಲಿ ಕೊತ್ತಂಬರಿ ಕವರ್ ಸರಪರ ಅಂದ್ರೆ ಸಾಕು, ಇಬ್ರೂ 'ವೀಕ್ ವೀಕ್' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋರು. ಈಗ ಮೂಗಿನ ಮುಂದೆ ಹಿಡಿದ್ರೂ ಡಬ್ಬದಿಂದ ಈಚೆ ಬರಲ್ಲ. 1,050 ಗ್ರಾಂ ಇದ್ದವನು 980ಕ್ಕೆ ಇಳಿದಿದಾನೆ. ತಿನ್ನೋದು ನಿಲ್ಲಿಸಿಲ್ಲ, ಕಮ್ಮಿ ಮಾಡಿದಾನೆ.

ಬುದ್ಧಿ ಹೇಳೋರಿಗೇನೂ ಬರ ಇಲ್ಲ. ಪೆಟ್ ಅಂಗಡಿಯವನು "ಹೆಣ್ಣು ತಗೊಂಡ್ಹೋಗಿ ಸಾರ್, ಎರಡೇ ದಿನಕ್ಕೆ ಸರಿಹೋಗ್ತಾನೆ" ಅಂತಾನೆ. ಪಕ್ಕದ ಮನೆಯವರು ತಮ್ಮ ಮೊಲಾನ ಪುಕ್ಕಟೆ ಕೊಡ್ತೀವಿ ಅಂತಾರೆ. ನಮ್ಮನೆಯೋಳ ತಕರಾರು ಬೇರೆ: "ಇವನಿಗೆ ಜೊತೆ ಅಂತ ಒಂದು ತರ್ತೀರಿ. ಇವನು ಹೋದ್ಮೇಲೆ ಅದಕ್ಕೆ ಜೊತೆ ಅಂತ ಇನ್ನೊಂದು. ನಾವು ಸಾಯೋವರೆಗೂ ಇದೇ ಆಯ್ತಾ?" ಉಳಿದವರಿಗೆ ಏನಾದ್ರೂ ಹೇಳಬಹುದು, ಇವಳಿಗೆ ಏನು ಹೇಳ್ಲಿ?

ಮೂಡಿಗೆರೆ ಮಳೆ:
ಅಣ್ಣಾ, ಹೆಣ್ಣಿನ ಸುದ್ದಿಗೇ ಹೋಗ್ಬೇಡಿ. ನನಗೆ "ಎರಡೂ ಹೆಣ್ಣು" ಅಂತಲೇ ಕೊಟ್ಟಿದ್ರು. ಎರಡು ತಿಂಗಳು ಚಿಲ್ಲರೆ ಆಗಿರಬೇಕು, ಒಂದು ಬೆಳಿಗ್ಗೆ ನೋಡ್ತೀನಿ, ಗೂಡಲ್ಲಿ ಐದು! ಇವುಗಳ ಮರಿ ಇಲಿ ಮರಿ ಥರ ಕೆಂಪಗೆ ಕಣ್ಣು ಮುಚ್ಕೊಂಡು ಹುಟ್ಟಲ್ಲ. ಮೈತುಂಬ ಕೂದಲು, ಕಣ್ಣು ಬಿಟ್ಟಿರ್ತವೆ, ಹುಟ್ಟಿದ ದಿನವೇ ಓಡಾಡ್ತವೆ. ಯಾರೋ ರಾತ್ರಿ ತಂದು ಬಿಟ್ಟು ಹೋಗಿದಾರೆ ಅಂದ್ಕೊಂಡು ನಾನು ಗೇಟ್‌ವರೆಗೂ ಹೋಗಿ ನೋಡ್ಬಂದೆ. ಗಂಡನ್ನ ಬೇರೆ ಮಾಡೋಷ್ಟರಲ್ಲಿ ಅವಳು ಮತ್ತೆ ಗಬ್ಬ. ಹೆತ್ತ ಕೆಲವೇ ಗಂಟೇಲಿ ಮತ್ತೆ ಗಬ್ಬ ಕಟ್ಟೋ ಜಾತಿ ಇದು. ಅಲ್ಲಿಂದ ನನ್ನ ಸಂಸಾರ ದೊಡ್ಡದಾಗಿದ್ದು.

ನಿಮ್ಮ ಕಡ್ಲೆಗೆ ಸರಿಹೋಗೋದು ಒಂದು ಎಳೇ ಗಂಡು ಮರಿ. ಎರಡು ದೊಡ್ಡ ಗಂಡು ಸೇರಿದ್ರೆ ಯಜಮಾನಿಕೆಗೆ ಕಿತ್ತಾಡ್ತವೆ. ಮರಿ ಆದ್ರೆ ಮೊದಲೇ ತಲೆ ತಗ್ಗಿಸುತ್ತೆ. ಆದ್ರೆ ಹೆಣ್ಣಿನ ವಾಸನೆ ಕೂಡ ಆ ಕೋಣೇಲಿ ಇರಬಾರದು.

ಹಾಸನ ವೆಟ್ ಸ್ಟೂಡೆಂಟ್:
ಸರ್, ಜೊತೆ ಹುಡುಕೋಕೆ ಮುಂಚೆ ಕಡ್ಲೆಯನ್ನೇ ಒಮ್ಮೆ ತೋರಿಸಿ. ಸಪ್ಪಗಿರೋದೆಲ್ಲ ದುಃಖ ಅಲ್ಲ. ಇವುಗಳ ಹಲ್ಲು ಬದುಕಿರೋವರೆಗೂ ಬೆಳೀತಾನೇ ಇರುತ್ತೆ, ಒಳಗಿನ ದವಡೆ ಹಲ್ಲು ವಕ್ರ ಬೆಳೆದ್ರೂ ತಿನ್ನೋದು ಕಮ್ಮಿ ಆಗುತ್ತೆ. ಪೂರ್ತಿ ಬಿಟ್ರೆ ಒಂದು ದಿನಾನೂ ಕಾಯಬೇಡಿ, ಕರುಳು ನಿಂತುಹೋಗುತ್ತೆ. ಬೆಲ್ಲ ಯಾವುದರಿಂದ ಹೋದ ಅನ್ನೋದೂ ಮುಖ್ಯ, ಅಂಟುರೋಗ ಆಗಿದ್ರೆ ಹೊಸ ಮರಿಗೂ ಬರುತ್ತೆ. ಮನೇಲಿ ಮಿಕ್ಕಿರೋ ಅಮಾಕ್ಸಿಸಿಲಿನ್ ಹನಿಗಳನ್ನ ಮಾತ್ರ ಕುಡಿಸಬೇಡಿ, ಗಿನಿಪಿಗ್‌ನ ಕರುಳಿಗೆ ಅದು ವಿಷದ ಸಮಾನ.

ಮೊಲ ಬೇಡವೇ ಬೇಡ. ಮೊಲದ ಮೂಗಲ್ಲಿ ಬಾರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅದಕ್ಕೆ ಏನೂ ತೊಂದರೆ ಕೊಡದೆ ಇರಬಹುದು, ಗಿನಿಪಿಗ್‌ಗೆ ಅಂಟಿದ್ರೆ ನ್ಯುಮೋನಿಯಾ. ಸಾಲದ್ದಕ್ಕೆ ಮೊಲದ ಒದೆ ಬೇರೆ.

ಹೆಣ್ಣೇ ಬೇಕು ಅಂದ್ರೆ ಕಡ್ಲೆಗೆ ಬೀಜ ತೆಗೆಸಬೇಕು. ಆಪರೇಷನ್ ಆದ ಮೇಲೂ ಆರು ವಾರ ನಂಬೋ ಹಾಗಿಲ್ಲ. ಏಳೆಂಟು ತಿಂಗಳು ದಾಟಿದ ಹೆಣ್ಣು ಅಷ್ಟರಲ್ಲಿ ಮೊದಲ ಸಲ ಗಬ್ಬ ಆದ್ರೆ ಸೊಂಟದ ಮೂಳೆ ಬೆಸೆದುಕೊಂಡಿರುತ್ತೆ, ಮರಿ ಹೊರಗೆ ಬರೋದೇ ಕಷ್ಟ.

ಬೋರೆ ಹುಡುಗ:
ಒಂದು ಕನ್ನಡಿ, ಒಂದು ಟೆಡ್ಡಿ ಬೇರ್ ಇಡಿ ಸರ್, ಮುಗೀತು. ಇಲಿಗೆ ಇಷ್ಟೊಂದಾ?

ಮೂಡಿಗೆರೆ ಮಳೆ:
ತಮ್ಮಾ, ನಿನ್ನನ್ನ ಒಂದು ವಾರ ಕನ್ನಡಿ ಜೊತೆ ಕೂಡಿಹಾಕಿದ್ರೆ ಹೇಳ್ತಿದ್ದೆ.

ಅಣ್ಣಾ, ಅತ್ತಿಗೆ ಕೇಳಿದ್ದು ಸರಿಯಾಗೇ ಇದೆ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿಪಿಗ್‌ನ ಒಂಟಿಯಾಗಿ ಸಾಕೋ ಹಾಗಿಲ್ಲ, ಕಾನೂನೇ ಇದೆ. ಅಲ್ಲಿಯವರಿಗೂ ಇದೇ ತಲೆನೋವು ಬಂದು, ಜೊತೆಗಾರನನ್ನ ಬಾಡಿಗೆಗೆ ಕೊಡೋರೂ ಹುಟ್ಕೊಂಡ್ರು. ನನ್ನ ಹತ್ರ ಎರಡು ತಿಂಗಳ ಗಂಡು ಮರಿ ಇದೆ. ಕಡ ಅಂತ ತಗೊಂಡ್ಹೋಗಿ. ಕಡ್ಲೆ ಕಾಲ ಮುಗಿದ ಮೇಲೆ ವಾಪಸ್ ನನ್ನ ಗಂಡುಗಳ ಗುಂಪಿಗೆ ಬರಲಿ.

ಸಾಲಗಾಮೆ ರಸ್ತೆ ಜೆರಾಕ್ಸ್ (ನಾಲ್ಕು ವಾರದ ಮೇಲೆ):
ಸಕ್ಕರೆ ಕಡ ತಂದದ್ದು ಕೇಳಿದ್ದೆ, ಗಿನಿಪಿಗ್ ಕಡ ತಂದವನು ಹಾಸನಕ್ಕೆ ನಾನೇ ಮೊದಲಿರಬೇಕು. ಬೇಲೂರು ಮೇಲೆ ಬಸ್ಸಲ್ಲಿ ತಂದೆ, ಮುಚ್ಚಳದ ಬುಟ್ಟೀಲಿ. ಕಂಡಕ್ಟರ್ ಕೋಳಿ ಮರಿ ಅಂದ್ಕೊಂಡ್ರು, ನಾನೂ ಬಿಡಿಸಿ ಹೇಳೋಕೆ ಹೋಗಲಿಲ್ಲ. ಹೆಸರು ಕೊಬ್ರಿ.

ಡಾಕ್ಟ್ರು ಕಡ್ಲೆಯ ಹಲ್ಲು ನೋಡಿ ಚೆನ್ನಾಗಿದೆ ಅಂದ್ರು. ಇವುಗಳ ಮೈ ವಿಟಮಿನ್ ಸಿ ತಾನೇ ತಯಾರಿಸ್ಕೊಳ್ಳಲ್ಲವಂತೆ, ದಪ್ಪ ಮೆಣಸಿನಕಾಯಿ ದಿನಾ ಒಂದು ಚೂರು ಕೊಡಿ ಅಂತ ಹೇಳಿದ್ರು. ಕೊಬ್ರಿನ ಎರಡು ವಾರ ಅಂಗಡಿ ಹಿಂದಿನ ಕೋಣೇಲಿ, ಎ-ಫೋರ್ ಬಂಡಲ್‌ಗಳ ಪಕ್ಕ ಬೇರೆ ಇಟ್ಟಿದ್ದೆ. ಹುಳ, ಕಜ್ಜಿ ಏನೂ ಕಾಣಲಿಲ್ಲ.

ಆಮೇಲೆ ಭಾನುವಾರ ಹಾಲಲ್ಲಿ, ಇಬ್ಬರದೂ ಅಲ್ಲದ ಜಾಗದಲ್ಲಿ, ಹಳೇ ಬೆಡ್‌ಶೀಟ್ ಹಾಸಿ ಬಿಟ್ಟೆ. ಗರಿಕೆ ಎರಡು ಗುಡ್ಡೆ, ನೀರು ಎರಡು ಕಡೆ, ಡಬ್ಬ ಎರಡು. ಒಂದೊಂದು ಡಬ್ಬಕ್ಕೂ ಎರಡು ಬಾಗಿಲು ಕೊಯ್ದಿದ್ದೆ, ಒಳಗೆ ಸಿಕ್ಕಿಹಾಕ್ಕೊಳ್ಳಬಾರದು ಅಂತ. ಕಡ್ಲೆ ಕೂದಲು ಕೆದರಿಕೊಂಡು, ಹಳೇ ಲೂನಾ ಸ್ಟಾರ್ಟ್ ಆದ ಹಾಗೆ ಗುರ್ರ್ ಅಂತ, ಸೊಂಟ ಆಡಿಸ್ಕೊಂಡು ಸುತ್ತು ಹೊಡೆದ. ಮೇಲೆ ಹತ್ತಿದ. ಹಲ್ಲು ಕಟಕಟ ಅನ್ನಿಸ್ದ. ನಾನು ಮಧ್ಯೆ ಇಡೋಕೆ ಮೊರ ಹಿಡ್ಕೊಂಡು ಮುಕ್ಕಾಲು ಗಂಟೆ ಕುಕ್ಕರಗಾಲಲ್ಲಿ ಕೂತೆ, ಮೊಣಕಾಲು ಇನ್ನೂ ನೋಯ್ತಿದೆ. ಕೊಬ್ರಿ ಮಾತ್ರ ಓಡಲಿಲ್ಲ, ಕುಂಯ್ ಅಂತ ನೆಲಕ್ಕೆ ಅಂಟ್ಕೊಂಡು ಕೂತಿದ್ದು, ಕೊನೆಗೆ ಹೋಗಿ ಇವನ ಗದ್ದದ ಕೆಳಗೇ ಮೂಗು ತೂರಿಸ್ತು.

ಕಡ್ಲೆ ಈಗ 1,020 ಗ್ರಾಂ. ಕವರ್ ಸದ್ದಿಗೆ ಕೂಗ್ತಾನೆ, ಕೊಬ್ರಿಗೂ ಕಲಿಸಿದಾನೆ. ಆದ್ರೆ ರಾತ್ರಿ ಹೊತ್ತು ಅಟ್ಟಿಸ್ಕೊಂಡು ಹೋಗೋದು ನಿಂತಿಲ್ಲ. ಬೇರೆ ಮಾಡ್ಲಾ?

ಮೂಡಿಗೆರೆ ಮಳೆ:
ಬೇಡ. ಪದೇ ಪದೇ ಬೇರೆ ಮಾಡಿ ಸೇರಿಸಿದ್ರೆ ಜಗಳ ಪ್ರತಿ ಸಲ ಮೊದಲಿಂದ ಶುರು. ಇಬ್ರೂ ಉಂಡೆ ಸುತ್ತಿಕೊಂಡು ಕಚ್ಚಿದ್ರೆ, ರಕ್ತ ಬಂದ್ರೆ ಮಾತ್ರ ಬೇರೆ ಮಾಡಿ, ಆಗಲೂ ಕೈ ಹಾಕ್ಬೇಡಿ, ಟವೆಲ್ ಹಾಕಿ. ಕೊಬ್ರಿಗೆ ಇನ್ನೊಂದು ತಿಂಗಳಲ್ಲಿ ಹರೆಯ ಬರುತ್ತೆ, ಆಗ ಅವನೂ ಗುರ್ರ್ ಅಂತಾನೆ. ಈಗಲೇ ಜಾಗ ಇನ್ನಷ್ಟು ದೊಡ್ಡದು ಮಾಡಿಡಿ. ಡಬ್ಬಗಳನ್ನ ಒಟ್ಟಿಗೇ ತೊಳೀಬೇಡಿ, ಒಂದರಲ್ಲಾದ್ರೂ ಅವರ ವಾಸನೆ ಉಳಿದಿರಲಿ.

ಅತ್ತಿಗೆ ಏನಂದ್ರು?

ಸಾಲಗಾಮೆ ರಸ್ತೆ ಜೆರಾಕ್ಸ್:
ಕಡ ತಂದಿದ್ದನ್ನ ಯಾರಾದ್ರೂ ಇಷ್ಟು ಬೇಗ ವಾಪಸ್ ಕೊಡ್ತಾರಾ ಅಂದ್ಲು.