ನಿಜವಲ್ಲವೆಂದು ಗೊತ್ತಿದ್ದರೂ ಮಗಳು ಕೊರಗುವುದೇಕೆ? ವರ್ಚುವಲ್ ಮಾಡೆಲ್‌ಗಳ ಬಗ್ಗೆ ಒಂದು ಪ್ರಶ್ನೆ

ಅಮ್ಮ_ಸಾಗರ (ಪ್ರಶ್ನೆ):

ಪಿಯುಸಿ ಓದುತ್ತಿರುವ ನನ್ನ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಐತಾನಾ ಲೋಪೆಸ್ ಎಂಬ ಗುಲಾಬಿ ಕೂದಲಿನ ಮಾಡೆಲ್‌ನ ಚಿತ್ರಗಳನ್ನು ತಪ್ಪದೆ ನೋಡುತ್ತಾಳೆ. ಅದು ಹುಟ್ಟಿ ಬೆಳೆದ ಹುಡುಗಿಯಲ್ಲ, ಬಾರ್ಸಿಲೋನಾದ ಏಜೆನ್ಸಿಯೊಂದು 2023ರಲ್ಲಿ ಕೃತಕ ಬುದ್ಧಿಮತ್ತೆಯಿಂದ ರೂಪಿಸಿದ ಚಿತ್ರ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಹೇಳಿದವಳೂ ಅವಳೇ. ಹೀಗಿದ್ದರೂ ತನ್ನ ತೋಳು ದಪ್ಪವೆಂದೂ ಮುಖದ ತುಂಬ ಕಲೆಗಳಿವೆಯೆಂದೂ ಕೊರಗುತ್ತಾಳೆ, ಸೆಕೆಗಾಲದಲ್ಲೂ ಉದ್ದ ತೋಳಿನ ಚೂಡಿದಾರವೇ ಬೇಕೆನ್ನುತ್ತಾಳೆ. ‘ಅದು ನಿಜವಲ್ಲ’ ಎಂದು ತಿಳಿಹೇಳೋಣವೆಂದರೆ ಅದು ಅವಳಿಗೆ ಮೊದಲೇ ತಿಳಿದ ಸಂಗತಿ. ಇಂಥ ಚಿತ್ರಗಳಿಗೆ ಗುರುತು ಹಾಕಬೇಕೆಂಬ ನಿಯಮಗಳ ಬಗ್ಗೆ ಓದಿದ್ದೇನೆ. ಗೊತ್ತಿದ್ದವರಿಗೂ ನೋವು ತಪ್ಪದಿದ್ದರೆ ಆ ಗುರುತಿನಿಂದ ಪ್ರಯೋಜನವೇನು?

ಮನಶ್ಶಾಸ್ತ್ರದ_ವಿದ್ಯಾರ್ಥಿ:

ನಿಮ್ಮ ಅನುಮಾನಕ್ಕೆ ಆಧಾರವಿದೆ. ಜಾಹೀರಾತಿನಲ್ಲಿ ಮಾಡೆಲ್‌ನ ಮೈಕಟ್ಟನ್ನು ತಿದ್ದಿದ್ದರೆ ಅದನ್ನು ತಿಳಿಸಲೇಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಿಂದಲೂ ನಾರ್ವೆಯಲ್ಲಿ 2022ರಿಂದಲೂ ಇದೆ. ನಮ್ಮಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿಯ 2021ರ ಮಾರ್ಗಸೂಚಿಯು, ವರ್ಚುವಲ್ ಇನ್‌ಫ್ಲುಯೆನ್ಸರ್ (ಐತಾನಾಳಂತೆ ಕಂಪ್ಯೂಟರಿನಲ್ಲಿ ರೂಪಿಸಿದ, ಜಾಲತಾಣದಲ್ಲಿ ಹಿಂಬಾಲಕರಿರುವ ಪಾತ್ರ) ನಿಜವಾದ ಮನುಷ್ಯರಲ್ಲವೆಂಬುದನ್ನು ಎದ್ದು ಕಾಣುವಂತೆ ಹೇಳಬೇಕೆನ್ನುತ್ತದೆ. ಇವೆಲ್ಲ ನೋಡುಗರಿಗೆ ಮೋಸವಾಗದಂತೆ ತಡೆಯುವ ಕ್ರಮಗಳು. ನಿಮ್ಮ ಮಗಳು ಮೋಸ ಹೋಗಿಲ್ಲ, ಹೋಲಿಸಿಕೊಳ್ಳುತ್ತಿದ್ದಾಳೆ.

ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮರಿಕಾ ಟಿಗ್ಗೆಮನ್ ಮತ್ತು ಅವರ ಸಂಗಡಿಗರು, ‘ಈ ಚಿತ್ರವನ್ನು ತಿದ್ದಲಾಗಿದೆ’ ಎಂಬ ಸೂಚನೆಯಿರುವ ಫ್ಯಾಷನ್ ಚಿತ್ರಗಳನ್ನು ಯುವತಿಯರಿಗೆ ತೋರಿಸಿ ಹಲವು ಪ್ರಯೋಗಗಳನ್ನು ಮಾಡಿದ್ದಾರೆ. ತಮ್ಮ ದೇಹದ ಬಗ್ಗೆ ಆ ಯುವತಿಯರಿಗಿದ್ದ ಅತೃಪ್ತಿಯನ್ನು ಸೂಚನೆ ತಗ್ಗಿಸಲಿಲ್ಲ. ದೇಹದ ಯಾವ ಭಾಗವನ್ನು ತಿದ್ದಲಾಗಿದೆ ಎಂದು ಹೆಸರಿಸಿ ಬರೆದಾಗಲಂತೂ ನೋಡುವವರ ಕಣ್ಣು ನೇರವಾಗಿ ಆ ಭಾಗಕ್ಕೇ ಹೋಯಿತು. ಆ ಪ್ರಯೋಗಗಳು ತಿದ್ದಿದ ಛಾಯಾಚಿತ್ರಗಳನ್ನು ಕುರಿತವು, ಪೂರ್ತಿ ಕೃತಕವಾದವುಗಳನ್ನಲ್ಲ. ಆದರೂ ನೀವು ಹೇಳುತ್ತಿರುವುದು ಅದೇ ಜಾಡಿನ ಅನುಭವ.

ಜಾಹೀರಾತು_ಕಸುಬು:

ಆ ದೇಹವನ್ನು ಆರಿಸುವವರು ಯಾರು ಎಂಬುದನ್ನೂ ಕೇಳಬೇಕು. ಅಮೆರಿಕದ ವೋಗ್ ಎಂಬ ಫ್ಯಾಷನ್ ಪತ್ರಿಕೆಯ 2025ರ ಆಗಸ್ಟ್ ಸಂಚಿಕೆಯಲ್ಲಿ ಗೆಸ್ ಎಂಬ ಉಡುಪಿನ ಕಂಪನಿಯ ಜಾಹೀರಾತೊಂದು ಬಂತು. ಅದರಲ್ಲಿದ್ದ ಹೊಂಗೂದಲಿನ ಹೆಣ್ಣು ಕೃತಕ ಬುದ್ಧಿಮತ್ತೆಯ ಸೃಷ್ಟಿಯೆಂದು ಪುಟದಲ್ಲೇ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ತಯಾರಿಸಿದ್ದು ಲಂಡನ್ನಿನ ಸೆರಾಫಿನ್ ವಲೋರಾ ಎಂಬ ಸಂಸ್ಥೆ. ಹಲವು ಕರಡು ಮುಖಗಳನ್ನು ರೂಪಿಸಿ ಗೆಸ್‌ನ ಸಹಸ್ಥಾಪಕರ ಮುಂದಿಟ್ಟು, ಅವರು ಆರಿಸಿದವನ್ನು ಬೆಳೆಸಿದರು. ಸಂಸ್ಥೆಯ ಸ್ಥಾಪಕಿಯರಿಬ್ಬರೂ ಮಹಿಳೆಯರು. ಬೇರೆ ಬೇರೆ ಮೈಬಣ್ಣದ ಹೆಣ್ಣುಗಳನ್ನೂ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆವು, ಆದರೆ ಅವಕ್ಕೆ ಜನರ ಸ್ಪಂದನೆ ಬರಲಿಲ್ಲ ಎಂಬರ್ಥದ ಮಾತನ್ನು ಅವರೇ ಬಿಬಿಸಿಗೆ ಹೇಳಿದ್ದಾರೆ. ಲೈಕುಗಳು ಎತ್ತ ವಾಲಿದರೆ ಮಾಡೆಲ್‌ನ ಮುಖವೂ ಅತ್ತಲೇ ವಾಲುತ್ತದೆ. ತಡೆಯಲು ಅಲ್ಲಿ ‘ಇದು ನನ್ನ ಮೈ, ಇಷ್ಟೇ’ ಎನ್ನುವ ಮನುಷ್ಯಳಿಲ್ಲ. ಹಳೆಯ ಮುಖಪುಟಗಳ ಹಿಂದೆ ಎಷ್ಟೇ ತಿದ್ದಿದ್ದರೂ ಒಬ್ಬಳು ಇದ್ದಳು.

ಕ್ಯಾಟಲಾಗ್_ಫೋಟೊ:

ಬೆಂಗಳೂರಿನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಬಟ್ಟೆಯ ಫೋಟೊ ತೆಗೆಯುವುದು ನನ್ನ ಕೆಲಸ. ‘ಒಬ್ಬಳು ಇದ್ದಳು’ ಎಂಬ ಮಾತನ್ನು ಒಪ್ಪುತ್ತೇನೆ, ಆದರೆ ಆ ಕಾಲವನ್ನು ಚಂದಗಾಣಿಸುವುದು ಬೇಡ. ಮಾಡೆಲ್ ತೊಟ್ಟ ಕುರ್ತಾದ ಬೆನ್ನಿನ ಕಡೆ ಹೊರಳಿ ನೋಡಿದರೆ ಕತ್ತಿನಿಂದ ಸೊಂಟದವರೆಗೆ ಸಾಲಾಗಿ ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತವೆ; ಮುಂದಿನಿಂದ ಮೈಗೆ ಅಂಟಿದಂತೆ ಕಾಣುವುದು ಹಾಗೆ. ಅದೇ ಕುರ್ತಾ ಮನೆಗೆ ಬಂದಾಗ ಹುಡುಗಿಯರು ದೋಷ ತಮ್ಮ ಮೈಯದೆಂದುಕೊಳ್ಳುತ್ತಾರೆ. ಈಗ ಕೆಲವು ಗ್ರಾಹಕರು ಗೊಂಬೆಗೆ ತೊಡಿಸಿದ ಬಟ್ಟೆಯ ಚಿತ್ರವಷ್ಟೇ ಸಾಕು, ಹೆಣ್ಣನ್ನು ಆಮೇಲೆ ಕೂರಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಆ ಹೆಣ್ಣಿಗೆ ಕ್ಲಿಪ್ಪೂ ಬೇಕಿಲ್ಲ, ದಿನಗೂಲಿಯೂ ಬೇಕಿಲ್ಲ. ಬಟ್ಟೆ ಆ ಮೈಮೇಲೆ ಹೇಗೆ ಬೀಳುತ್ತದೆ ಎಂಬುದೂ ಊಹೆಯೇ.

ಅಮ್ಮ_ಸಾಗರ:

ಕ್ಲಿಪ್ಪಿನ ವಿಷಯ ಮಗಳಿಗೆ ಓದಿ ಹೇಳಿದೆ, ಬಹಳ ಹೊತ್ತು ನಕ್ಕಳು. ಇನ್ನೊಂದು ಸಂದೇಹ. ಕಪ್ಪು ಮೈಬಣ್ಣದ, ದಪ್ಪ ಮೈಯ ವರ್ಚುವಲ್ ಮಾಡೆಲ್‌ಗಳನ್ನೇ ಹೆಚ್ಚು ಮಾಡಿದರೆ ಈ ಮಾನದಂಡ ಸಡಿಲವಾಗದೇ?

ಜಾಹೀರಾತು_ಕಸುಬು:

ಆ ದಾರಿಯಲ್ಲಿ ಹೋದವರಿದ್ದಾರೆ. 2017ರಲ್ಲಿ ಕಾಣಿಸಿಕೊಂಡ ಶುಡು ಕಡುಗಪ್ಪು ಬಣ್ಣದ ವರ್ಚುವಲ್ ಮಾಡೆಲ್. ಅವಳನ್ನು ರೂಪಿಸಿದವರು ಬ್ರಿಟನ್ನಿನ ಬಿಳಿಯ ಛಾಯಾಗ್ರಾಹಕ ಕ್ಯಾಮರೂನ್ ಜೇಮ್ಸ್ ವಿಲ್ಸನ್. ಕಪ್ಪು ಹೆಣ್ಣಿನ ರೂಪ ಬೇಕು, ಆದರೆ ಅವಕಾಶವೂ ಸಂಬಳವೂ ಕಪ್ಪು ಹೆಣ್ಣಿಗೆ ಸಿಗುವುದಿಲ್ಲ ಎಂಬ ಟೀಕೆ ಆಗಲೇ ಬಂತು. 2023ರಲ್ಲಿ ಲೀವೈಸ್ ಕಂಪನಿ ವೈವಿಧ್ಯ ಹೆಚ್ಚಿಸಲು ಕೃತಕ ಮಾಡೆಲ್‌ಗಳನ್ನು ಪ್ರಯೋಗಿಸುವುದಾಗಿ ಹೇಳಿ ಇದೇ ಮಾತು ಕೇಳಿಸಿಕೊಂಡಿತು. ಅಲ್ಲದೆ ಶುಡುವಿನ ಚರ್ಮದಲ್ಲೂ ಒಂದು ರಂಧ್ರ ಕಾಣದು, ಕುತ್ತಿಗೆ ನೀಳ, ಸೊಂಟ ಸಪೂರ. ಬದಲಾದದ್ದು ಬಣ್ಣ ಮಾತ್ರ.

ಮನಶ್ಶಾಸ್ತ್ರದ_ವಿದ್ಯಾರ್ಥಿ:

ನಿಯಮದ ಬಗ್ಗೆ ಒಂದು ಸೇರ್ಪಡೆ. ಆಸ್ಕಿ 2022ರಲ್ಲಿ ಲಿಂಗ ಸಂಬಂಧಿ ಪೂರ್ವಗ್ರಹಗಳ ಬಗ್ಗೆಯೂ ಮಾರ್ಗಸೂಚಿ ಹೊರಡಿಸಿದೆ. ಮೈಕಟ್ಟು ಹೀಗಿರುವುದರಿಂದಲೇ ಕೆಲಸವೋ ಸಂಬಂಧವೋ ಕೈತಪ್ಪಿತು ಎಂದು ಸೂಚಿಸುವ ಜಾಹೀರಾತಿನ ಮೇಲೆ ಅದರಡಿ ದೂರು ಕೊಡಬಹುದು. ಏನನ್ನೂ ಹೇಳದೆ ಬರೀ ನಿಂತು ನಗುವ ಚಿತ್ರವನ್ನು ಅದರಡಿ ತರುವುದು ಕಷ್ಟ, ಮತ್ತು ನಿಮ್ಮ ಮಗಳು ನೋಡುತ್ತಿರುವುದು ಬಹುಪಾಲು ಅಂಥವನ್ನೇ. ಸದ್ಯಕ್ಕೆ ಅಂಥ ಪೋಸ್ಟುಗಳಿಗೆ ‘ಆಸಕ್ತಿಯಿಲ್ಲ’ ಎಂದು ಅವಳೇ ಒತ್ತುವಂತೆ ಮಾಡಿ. ನೀವು ಫೋನ್ ಕಿತ್ತುಕೊಂಡು ಒತ್ತುವುದು ಬೇಡ.