ಓದುಗರ ಸ್ಪಂದನ: ಉಳಿದ ತೆರಿಗೆ ಹಣ ಖರ್ಚಿಗೋ, ಗಂಟಿಗೋ?

ಕಳೆದ ಸಂಚಿಕೆಯ ಸಮಸ್ಯೆ: ತುಮಕೂರಿನ ಓದುಗರೊಬ್ಬರು ಖಾಸಗಿ ಕಂಪನಿಯಲ್ಲಿದ್ದಾರೆ. ವಾರ್ಷಿಕ ಸಂಬಳ 12,60,000 ರೂಪಾಯಿ, ಹೊಸ ತೆರಿಗೆ ಪದ್ಧತಿ. 2024–25ರ ಸಂಬಳದಲ್ಲಿ 80,860 ರೂಪಾಯಿ ತೆರಿಗೆ ಕಡಿತವಾಗಿತ್ತು. 2025ರ ಬಜೆಟ್‌ನಲ್ಲಿ 87ಎ ರಿಬೇಟ್ (ಆದಾಯ ಒಂದು ಮಟ್ಟದೊಳಗಿದ್ದರೆ ತೆರಿಗೆ ಮನ್ನಾ) ಮಿತಿಯನ್ನು 12 ಲಕ್ಷಕ್ಕೆ ಏರಿಸಿದ ಮೇಲೆ ಏಪ್ರಿಲ್‌ನಿಂದ ಒಂದು ಪೈಸೆಯೂ ಕಡಿತವಿಲ್ಲ. ತಿಂಗಳಿಗೆ 6,738 ರೂಪಾಯಿ ಹೆಚ್ಚಿಗೆ ಕೈಗೆ ಬರುತ್ತಿದೆ, ಆದರೆ ಎಲ್ಲಿ ಹೋಗುತ್ತಿದೆಯೋ ತಿಳಿಯುತ್ತಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ 48,000 ಬಾಕಿ, ಪ್ರತಿ ತಿಂಗಳು 2,400ರ ‘ಮಿನಿಮಮ್’ ಮಾತ್ರ ಕಟ್ಟುತ್ತಿದ್ದಾರೆ. ಗೃಹಸಾಲ 18 ಲಕ್ಷ, ಶೇ 8.5, ಇನ್ನೂ 15 ವರ್ಷ. ಏಪ್ರಿಲ್‌ನಲ್ಲಿ ಶೇ 7ಕ್ಕೆ ಇಟ್ಟ 4 ಲಕ್ಷದ ಎಫ್‌ಡಿ ಇದೆ. ಯಜಮಾನರಿಗೆ ಹೊಸ ಸ್ಕೂಟರ್ ಬೇಕು, ಅತ್ತೆಗೆ ಬಂಗಾರ, ನಾದಿನಿ ಮನೆಯಲ್ಲೇ ನಡೆಸುವ ಚೀಟಿಗೆ ಸೇರಿ ಎನ್ನುತ್ತಿದ್ದಾರೆ. ಖರ್ಚು ಮಾಡಲೇ, ಉಳಿಸಲೇ?

*

ತಂಗಿ, ಖರ್ಚೋ ಉಳಿತಾಯವೋ ಅನ್ನುವ ಪ್ರಶ್ನೆ ಆಮೇಲೆ. ಒಂದು ಕೈಯಲ್ಲಿ ಶೇ 7ರ ಎಫ್‌ಡಿ, ಇನ್ನೊಂದು ಕೈಯಲ್ಲಿ ಶೇ 40 ದಾಟಿದ ಸಾಲ. ಮೊದಲು ಸರಿಯಾಗಬೇಕಾದ್ದು ಇದು.

ಕಾರ್ಡಿನ ಸ್ಟೇಟ್‌ಮೆಂಟ್‌ನ ಕೊನೆಯ ಪುಟದಲ್ಲಿ ಬಡ್ಡಿ ದರ ಸಣ್ಣ ಅಕ್ಷರದಲ್ಲಿರುತ್ತದೆ. ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳಿ. 48,000ಕ್ಕೆ 1,680 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 302. ಒಟ್ಟು 1,982. ನೀವು ಕಟ್ಟುವ 2,400ರಲ್ಲಿ ಅಸಲಿಗೆ ಸೇರುವುದು 418 ಮಾತ್ರ! ಇನ್ನೊಂದು ಪೆಟ್ಟು ಬಹಳ ಜನರಿಗೆ ಗೊತ್ತಿರುವುದಿಲ್ಲ. ಹಿಂದಿನ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಇವತ್ತು ತಂದ ದಿನಸಿಗೂ ಇವತ್ತಿನಿಂದಲೇ ಬಡ್ಡಿ. ಹಾಗಾಗಿ ಬಾಕಿ ತೀರುವ ತನಕ ಆ ಕಾರ್ಡು ಬೀರುವಿನಲ್ಲಿರಲಿ. ಆನ್‌ಲೈನ್ ಅಂಗಡಿಗಳಲ್ಲಿ ಸೇವ್ ಆಗಿರುವ ಕಾರ್ಡ್ ನಂಬರನ್ನೂ ಅಳಿಸಿ.

ಎಫ್‌ಡಿ ಮುರಿಯುವ ಅಗತ್ಯವಿಲ್ಲ. ಬ್ಯಾಂಕಿಗೆ ಹೋಗಿ ‘ಎಫ್‌ಡಿ ಮೇಲೆ ಓಡಿ ಬೇಕು’ ಎಂದರೆ ಸಾಕು (ಓಡಿ ಎಂದರೆ ಓವರ್‌ಡ್ರಾಫ್ಟ್, ಎಫ್‌ಡಿ ಆಧಾರದ ಮೇಲೆ ತೆಗೆಯುವ ಸಾಲ), ಬಹುತೇಕ ಬ್ಯಾಂಕುಗಳ ಆ್ಯಪ್‌ನಲ್ಲೇ ಆಗುತ್ತದೆ. ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡ ಹೆಚ್ಚು, ಅಂದರೆ ಸುಮಾರು ಶೇ 9ರೊಳಗೆ. ಅದರಲ್ಲಿ 48,000 ತೆಗೆದು ಕಾರ್ಡಿನ ಬಾಕಿ ಒಂದೇ ಏಟಿಗೆ ಕಟ್ಟಿ. ಕಟ್ಟುವ ದಿನ ಸ್ಟೇಟ್‌ಮೆಂಟಿನ ಮೊತ್ತ ನೋಡಬೇಡಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಆ ದಿನಕ್ಕೆ ಪೂರ್ತಿ ತೀರುವ ಮೊತ್ತ ಎಷ್ಟೆಂದು ಕೇಳಿ. ಸ್ಟೇಟ್‌ಮೆಂಟ್ ಆದ ನಂತರದ ದಿನಗಳ ಬಡ್ಡಿ ಮುಂದಿನ ತಿಂಗಳು ಬಾಲದಂತೆ ಬರುತ್ತದೆ, ಆ ನೂರಿನ್ನೂರು ರೂಪಾಯಿ ಬಿಟ್ಟುಹೋಗಿ ಲೇಟ್ ಫೀ ಬೀಳುವುದುಂಟು.

ಆಮೇಲೆ ಈ 6,738 ಮತ್ತು ಈಗ ಕಾರ್ಡಿಗೆ ಹೋಗುತ್ತಿರುವ 2,400, ಎರಡೂ ಸೇರಿ 9,138 ಓಡಿಗೆ ಹೋಗಲಿ. ಆರು ತಿಂಗಳಲ್ಲಿ ತೀರುತ್ತದೆ, ಒಟ್ಟು ಬಡ್ಡಿ 1,160ರ ಆಸುಪಾಸು. ಇದೇ 9,138ನ್ನು ನೇರವಾಗಿ ಕಾರ್ಡಿಗೇ ಕಟ್ಟುತ್ತಾ ಹೋದರೂ ಹೆಚ್ಚುಕಡಿಮೆ ಆರು ತಿಂಗಳೇ, ಆದರೆ ಬಡ್ಡಿ 7,200 ದಾಟುತ್ತದೆ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

*

ಮೇಡಂ, ನಿಮ್ಮ ಪತ್ರದಲ್ಲಿ ಎಫ್‌ಡಿ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಿಜವಾದ ಸಮಸ್ಯೆ ಕೂತಿರುವುದು ಅಲ್ಲಿ. ನಿಮಗೆ ‘ಉಳಿದಿದೆ’ ಎಂದುಕೊಂಡಿರುವ ಹಣದಲ್ಲಿ ಒಂದು ಪಾಲು ಇನ್ನೂ ನಿಮ್ಮದಾಗಿಲ್ಲ.

ಲೆಕ್ಕ ನೋಡಿ. ಸಂಬಳ 12,60,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,85,000. ಇದು 12 ಲಕ್ಷದೊಳಗೆ, ಹಾಗಾಗಿ ತೆರಿಗೆ ಸೊನ್ನೆ. ಕಂಪನಿಗೆ ಗೊತ್ತಿರುವುದು ಇಷ್ಟೇ. ಎಫ್‌ಡಿಯ ವರ್ಷದ ಬಡ್ಡಿ 28,000 ಸೇರಿಸಿದರೆ ಒಟ್ಟು ಆದಾಯ 12,13,000. ಗೆರೆ ದಾಟಿತು. ಗೆರೆ ದಾಟಿದರೆ ರಿಬೇಟ್ ಪೂರ್ತಿ ಹೋಗಿ ತೆರಿಗೆ 61,950 ಆಗಬೇಕಿತ್ತು. ಅಷ್ಟು ಅನ್ಯಾಯವಾಗದಿರಲೆಂದು ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷದ ಮೇಲೆ ಎಷ್ಟು ಗಳಿಸಿದ್ದೀರೋ ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಅಂದರೆ 13,000, ತೆರಿಗೆಯ ಮೇಲಿನ ಶೇ 4ರ ಸೆಸ್ (ಉಪಕರ) ಸೇರಿ 13,520.

ಇದನ್ನು ಇನ್ನೊಂದು ಕಡೆಯಿಂದ ನೋಡಿ. 12 ಲಕ್ಷದಿಂದ ಸುಮಾರು 12,70,588ರವರೆಗೆ ನಿಮ್ಮ ಪ್ರತಿಯೊಂದು ಹೆಚ್ಚುವರಿ ರೂಪಾಯಿಯೂ ಪೂರ್ತಿ ತೆರಿಗೆಗೇ ಹೋಗುತ್ತದೆ, ಸೆಸ್ ಬೇರೆ. ಉಳಿದ ಹಣವನ್ನು ‘ಸೇಫ್ ಆಗಿರಲಿ’ ಎಂದು ನಿಮ್ಮ ಹೆಸರಲ್ಲೇ ಇನ್ನೊಂದು ಎಫ್‌ಡಿಗೋ ಆರ್‌ಡಿಗೋ ಹಾಕಿದರೆ ಅದರ ಬಡ್ಡಿಯಲ್ಲಿ ನಿಮಗೆ ಸಿಗುವುದು ಏನೂ ಇಲ್ಲ. ಖರ್ಚಿಗಿಂತಲೂ ಕೆಟ್ಟ ಉಳಿತಾಯ ಎಂದರೆ ಇದೇ. ಖರ್ಚು ಮಾಡಿದರೆ ಒಂದು ಸ್ಕೂಟರಾದರೂ ಮನೆ ಮುಂದೆ ನಿಂತಿರುತ್ತದೆ.

ಬ್ಯಾಂಕ್ ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಬಡ್ಡಿ ವರ್ಷಕ್ಕೆ 50,000 ದಾಟದಿದ್ದರೆ ಹಿಡಿಯುವುದಿಲ್ಲ, ಅಷ್ಟೇ. ಬಡ್ಡಿಯ ವಿವರ ನಿಮ್ಮ ಎಐಎಸ್‌ನಲ್ಲಿ (ತೆರಿಗೆ ಇಲಾಖೆ ಇಡುವ ನಿಮ್ಮ ವಾರ್ಷಿಕ ಆದಾಯದ ಮಾಹಿತಿ ಪಟ್ಟಿ) ಬರುತ್ತದೆ. ಎಫ್‌ಡಿ ಅವಧಿ ಮುಗಿದ ಮೇಲೆ ಒಟ್ಟಿಗೆ ಬಡ್ಡಿ ಕೊಡುವ ಬಗೆಯದಾದರೂ ಬ್ಯಾಂಕು ಆಯಾ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುತ್ತದೆ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ ಇಳಿಸಿ ನೋಡಿ, ಉಳಿತಾಯ ಖಾತೆಯ ಬಡ್ಡಿಯೂ ಸಾಲಾಗಿ ಕಾಣುತ್ತದೆ. ಷೇರು ಅಥವಾ ಈಕ್ವಿಟಿ ಫಂಡ್ ಒಂದು ವರ್ಷದೊಳಗೆ ಮಾರಿ ಲಾಭ ಮಾಡಿದ್ದರೆ ಅದಕ್ಕೆ ಶೇ 20, ರಿಬೇಟ್ ಅದಕ್ಕೆ ಅನ್ವಯಿಸುವುದಿಲ್ಲ.

ಪರಿಹಾರ ಏನು? ಮೂರು ದಾರಿ, ನನ್ನ ಮೆಚ್ಚಿನದು ಮೊದಲಿನದು. ಎಚ್‌ಆರ್‌ನವರನ್ನು ‘ಕಾರ್ಪೊರೇಟ್ ಎನ್‌ಪಿಎಸ್ ಇದೆಯಾ’ ಎಂದು ಕೇಳಿ. ಎನ್‌ಪಿಎಸ್ ಎಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ. ಇದ್ದರೆ ಸಂಬಳದಿಂದಲೇ ಕಂಪನಿಯ ಪಾಲು ಎಂದು ಮೂಲವೇತನದ ಶೇ 14ರವರೆಗೆ ಎನ್‌ಪಿಎಸ್‌ಗೆ ತಿರುಗಿಸಬಹುದು, ಹೊಸ ಪದ್ಧತಿಯಲ್ಲೂ ಅದು ಆದಾಯದಿಂದ ಕಳೆಯುತ್ತದೆ. ನಿಮಗೆ ಬೇಕಾಗಿರುವುದು ಬರೀ 15,000. ಹಾಗೆ ಮಾಡಿದರೆ ಆದಾಯ 11,98,000ಕ್ಕೆ ಇಳಿದು 13,520 ಉಳಿಯಿತು, 15,000 ನಿಮ್ಮದೇ ಪಿಂಚಣಿ ಖಾತೆಯಲ್ಲಿ ಕೂತಿತು. ಹಣ ಬಹಳ ವರ್ಷ ಕಟ್ಟಿಬೀಳುತ್ತದೆ ನಿಜ, ಆದರೆ ಇಲ್ಲದಿದ್ದರೆ ಹೋಗುವ ಹಣ ತಾನೇ. ಎಚ್ಚರ: ನೀವೇ ಎನ್‌ಪಿಎಸ್ ಖಾತೆಗೆ ಕಟ್ಟಿದ 50,000ದ ವಿನಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲ. ಸಂಬಳದ ಮೂಲಕ, ಕಂಪನಿಯ ಪಾಲಾಗಿಯೇ ಹೋಗಬೇಕು, ಮಾರ್ಚ್ ಸಂಬಳದೊಳಗೆ.

ಎರಡನೆಯದು, ಮುಂದಿನ ವರ್ಷಕ್ಕೆ: ಉಳಿತಾಯವನ್ನು ಪಿಪಿಎಫ್‌ನಲ್ಲಿಡಿ. 80ಸಿ (ಹೂಡಿಕೆಗೆ ಸಿಗುವ ತೆರಿಗೆ ವಿನಾಯಿತಿ) ಹೊಸ ಪದ್ಧತಿಯಲ್ಲಿ ನಿಮಗಿಲ್ಲದಿದ್ದರೂ ಅದರ ಬಡ್ಡಿ ಒಟ್ಟು ಆದಾಯಕ್ಕೆ ಸೇರುವುದೇ ಇಲ್ಲ. 2020ರ ಏಪ್ರಿಲ್‌ನಿಂದ ದರ ಶೇ 7.1ರಲ್ಲೇ ನಿಂತಿದೆ. ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ. ಸಂಬಳ ಕೊನೆಯ ದಿನ ಬಂದರೆ ಆಟೋ ಡೆಬಿಟ್ 2ಕ್ಕೋ 3ಕ್ಕೋ ಹಾಕಿ, 7ಕ್ಕೆ ಹಾಕಿದರೆ ವರ್ಷವಿಡೀ ಒಂದೊಂದು ತಿಂಗಳ ಬಡ್ಡಿ ಬಿಟ್ಟುಕೊಟ್ಟಂತೆ.

ಮೂರನೆಯದು, ಎಫ್‌ಡಿಯನ್ನು ಬೇರೆಯವರ ಹೆಸರಿಗೆ ಮಾಡುವುದು. ಯಜಮಾನರ ಹೆಸರಿಗೆ ಮಾಡಿದರೆ ಪ್ರಯೋಜನವಿಲ್ಲ, ಗಂಡ–ಹೆಂಡತಿ ಮಧ್ಯೆ ಕೊಟ್ಟ ಹಣದ ಬಡ್ಡಿ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ನಿಮ್ಮ ತಾಯಿ–ತಂದೆಗೆ ಉಡುಗೊರೆಯಾಗಿ ಕೊಡಬಹುದು, ಬಡ್ಡಿ ಅವರದಾಗುತ್ತದೆ. ಅಸಲೂ ಅವರದೇ ಆಗುತ್ತದೆ ಎಂಬುದನ್ನು ಮರೆಯಬೇಡಿ. ನಾಳೆ ಅಣ್ಣತಮ್ಮಂದಿರು ಪಾಲು ಕೇಳಿದರೆ ‘ಅದು ನನ್ನ ದುಡ್ಡು’ ಎನ್ನಲು ಬರುವುದಿಲ್ಲ.

ಯಾವುದನ್ನೂ ಮಾಡದಿದ್ದರೆ 13,520ನ್ನು ಈಗಲೇ ಬದಿಗಿಡಿ. ಬಾಕಿ ತೆರಿಗೆ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, ಕೊನೆಯ ಕಂತು ಮಾರ್ಚ್ 15. ಮಾರ್ಚ್ ದಾಟಿದರೆ ತಿಂಗಳಿಗೆ ಶೇ 1ರಂತೆ ಬಡ್ಡಿ.

— ತೆರಿಗೆ ಸಲಹೆಗಾರರು, ಮೈಸೂರು

*

ಸ್ಕೂಟರ್ ಬಗ್ಗೆ ಯಾರೂ ಒಳ್ಳೆ ಮಾತಾಡುವುದಿಲ್ಲ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸ್ಕೂಟರ್ ಬೇಕೋ ಬೇಡವೋ ಎಂಬುದನ್ನು ತೆರಿಗೆ ಹಣ ಹೇಳಬಾರದು, ಈಗಿರುವ ಗಾಡಿ ಹೇಳಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದು, ಸರ್ವಿಸ್ ಮಧ್ಯೆ ಆಯಿಲ್ ಕಡಿಮೆಯಾಗುತ್ತಿದ್ದರೆ ವಾಲ್ವ್ ಸೀಲೋ, ರಿಂಗ್–ಬೋರೋ ಹೋಗಿದೆ, ಎಂಜಿನ್ ಬಿಚ್ಚಬೇಕು. ಫುಟ್‌ಬೋರ್ಡ್ ಕೆಳಗೆ ಚಾಸಿಸ್ ಪೈಪನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ತುಕ್ಕು ಪದರವಾಗಿ ಉದುರಿದರೆ ಆ ಗಾಡಿಗೆ ಇನ್ನು ದುಡ್ಡು ಹಾಕಬೇಡಿ. ಆದರೆ ಪಿಕಪ್ ಇಲ್ಲ, ಏರಿಗೆ ಎಳೆಯುತ್ತಿಲ್ಲ, ಹೊರಡುವಾಗ ನಡುಗುತ್ತದೆ ಅನ್ನುವುದಷ್ಟೇ ದೂರಾದರೆ ಬೆಲ್ಟ್, ರೋಲರ್, ಕ್ಲಚ್ ಶೂ ಬದಲಿಸಿದರೆ ಮುಗಿಯಿತು. ಅದಕ್ಕೆ ಹೊಸ ಗಾಡಿ ಬೇಕಿಲ್ಲ.

ಕೊಳ್ಳುವುದೇ ಆದರೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರಕ್ಕೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಮುಂಚಿನ ಬೆಲೆ 80,000 ಇದ್ದ ಗಾಡಿ 1,02,400ರಿಂದ 94,400ಕ್ಕೆ ಬರಬೇಕು. ಎಲೆಕ್ಟ್ರಿಕ್‌ಗೆ 2019ರಿಂದಲೂ ಶೇ 5, ಅಲ್ಲಿ ‘ಜಿಎಸ್‌ಟಿ ಆಫರ್’ ಅಂದರೆ ನಗಿ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರಾಚೆ ಶೋರೂಮ್‌ನವರು ಸೇರಿಸುವ ಆಕ್ಸೆಸರಿ ಪ್ಯಾಕ್, ‘ಹ್ಯಾಂಡ್ಲಿಂಗ್’ ಚಾರ್ಜ್ ಕಡ್ಡಾಯ ಅಲ್ಲ. ಆನ್‌ರೋಡ್ ಬೆಲೆಯನ್ನು ಸಾಲುಸಾಲಾಗಿ ಬರೆಸಿಕೊಳ್ಳಿ.

— ಗ್ಯಾರೇಜ್ ನಡೆಸುವವರು, ಶಿವಮೊಗ್ಗ

*

ನಾದಿನಿ ಚೀಟಿಗೆ ನಯವಾಗಿ ಬೇಡ ಅನ್ನಿ. ನೋಂದಣಿ ಇಲ್ಲದ ಚೀಟಿಯಲ್ಲಿ ಒಬ್ಬರು ಮೊದಲೇ ಎತ್ತಿಕೊಂಡು ಕಂತು ನಿಲ್ಲಿಸಿದರೆ ಉಳಿದವರು ಯಾರ ಮನೆ ಬಾಗಿಲಿಗೆ ಹೋಗಬೇಕು? ಕೊನೆಗೆ ಹಣದ ಜತೆ ನೆಂಟಸ್ತಿಕೆಯೂ ಹೋಗುತ್ತದೆ. ಚೀಟಿಯೇ ಬೇಕೆಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಚೀಟಿ ಇದೆ. ಅತ್ತೆಯವರ ಬಂಗಾರಕ್ಕೆ: ಒಡವೆಗೆ ಶೇ 3 ಜಿಎಸ್‌ಟಿ, ಮೇಕಿಂಗ್, ವೇಸ್ಟೇಜ್ ಎಲ್ಲ ಕೊಟ್ಟ ದಿನವೇ ಹೋದ ಲೆಕ್ಕ, ಮಾರುವಾಗ ತೂಕಕ್ಕೆ ಮಾತ್ರ ಬೆಲೆ. ಹಾಕಿಕೊಳ್ಳಲು ಬೇಕಾದರೆ ಖುಷಿಯಾಗಿ ಮಾಡಿಸಿ, ಉಳಿತಾಯ ಎಂದು ಕರೆಯಬೇಡಿ. ಹಾಲ್‌ಮಾರ್ಕ್ ಜತೆ ಆರು ಅಕ್ಷರ–ಅಂಕಿಯ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇದೆಯಾ ನೋಡಿ.

— ಗೃಹಿಣಿ, ಮಹಿಳಾ ಸ್ವಸಹಾಯ ಸಂಘದ ಲೆಕ್ಕ ನೋಡುವವರು, ಹಾಸನ

*

ಕಾರ್ಡು ತೀರಿದ ಮೇಲಿನ ಮಾತು ಇದು. ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) 2025ರ ಆರಂಭದಲ್ಲಿ ಶೇ 6.5 ಇತ್ತು, ಡಿಸೆಂಬರ್‌ನಲ್ಲಿ 5.25ಕ್ಕೆ ಇಳಿಯಿತು. ನಿಮ್ಮದು ಇನ್ನೂ ಶೇ 8.5ರಲ್ಲಿದೆ ಎಂದರೆ ಸಾಲ ಹೌಸಿಂಗ್ ಫೈನಾನ್ಸ್ ಕಂಪನಿಯದೋ, ಇಲ್ಲವೇ ಬ್ಯಾಂಕಿನ ಹಳೆಯ ಎಂಸಿಎಲ್‌ಆರ್ (ಬ್ಯಾಂಕು ತನ್ನ ಖರ್ಚು ನೋಡಿ ತಾನೇ ನಿಗದಿ ಮಾಡುವ ದರ) ಲೆಕ್ಕದ್ದೋ ಇರಬಹುದು. ಶಾಖೆಗೆ ಹೋಗಿ ‘ಯಾವ ಬೆಂಚ್‌ಮಾರ್ಕ್, ಸ್ಪ್ರೆಡ್ ಎಷ್ಟು, ಮುಂದಿನ ರೀಸೆಟ್ ಯಾವಾಗ’ ಈ ಮೂರನ್ನೇ ಕೇಳಿ. ಅಂದರೆ ದರ ಯಾವುದಕ್ಕೆ ಜೋಡಿಸಿದೆ, ಅದರ ಮೇಲೆ ಎಷ್ಟು ಸೇರಿಸಿದ್ದಾರೆ, ಮತ್ತೆ ಬದಲಾಗುವುದು ಯಾವಾಗ ಎಂದು. ಬ್ಯಾಂಕಾದರೆ ಸಣ್ಣ ಶುಲ್ಕಕ್ಕೆ ರೆಪೋ ಲಿಂಕ್‌ಗೆ ಬದಲಿಸಿಕೊಡುತ್ತಾರೆ. 7.75ಕ್ಕೆ ಇಳಿದರೂ 17,725ರ ಕಂತು 16,943 ಆಗುತ್ತದೆ. ಆದರೆ ಕಂತು ಇಳಿಸಿಕೊಳ್ಳಬೇಡಿ, ಅವಧಿ ಇಳಿಸಿ.

ಈಗಿನ ದರದಲ್ಲೇ ತಿಂಗಳಿಗೆ 6,738 ಹೆಚ್ಚಿಗೆ ಕಟ್ಟುತ್ತಾ ಹೋದರೆ 180 ಕಂತು ಸುಮಾರು 104ಕ್ಕೆ ಮುಗಿಯುತ್ತದೆ, ಬಡ್ಡಿಯಲ್ಲಿ ಆರು ಲಕ್ಷಕ್ಕೂ ಮೇಲೆ ಉಳಿತಾಯ. ವರ್ಷಕ್ಕೊಮ್ಮೆ ಒಟ್ಟಿಗೆ ಕಟ್ಟೋಣ ಎಂದುಕೊಂಡರೆ ಆ ವೇಳೆಗೆ ಹಣ ಇರುವುದಿಲ್ಲ, ತಿಂಗಳ ತಿಂಗಳೇ ಒಳ್ಳೆಯದು. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ಪಾವತಿ ದಂಡ ಇಲ್ಲ. ಹಾಗಂತ ಎಲ್ಲವನ್ನೂ ಸಾಲಕ್ಕೆ ಸುರಿಯಬೇಡಿ. ಕಟ್ಟಿದ ಹಣ ಆಸ್ಪತ್ರೆ ದಿನ ವಾಪಸ್ ಬರುವುದಿಲ್ಲ. ಓಡಿ ತೀರಿದ ನಂತರದ ಎಫ್‌ಡಿಯಲ್ಲಿ ಆರು ತಿಂಗಳ ಮನೆಖರ್ಚಿನಷ್ಟು ಬಿಟ್ಟು, ಮಿಕ್ಕದ್ದನ್ನು ಅವಧಿ ಮುಗಿದಾಗ ಸಾಲಕ್ಕೆ ಹಾಕಿ. 80,000 ಹಾಕಿದರೂ ಸುಮಾರು 15 ಕಂತು ಕಡಿಮೆ, ಮೈಸೂರಿನವರು ಹೇಳುವ ತೆರಿಗೆಯ ಗೆರೆ ದಾಟುವ ಮೊತ್ತವೂ ಕಡಿಮೆಯಾಗುತ್ತದೆ.

ಒಂದು ಎಡವಟ್ಟು ಪದೇಪದೇ ಆಗುತ್ತದೆ. ಸಾಲದ ಖಾತೆಗೆ ಹೆಚ್ಚುವರಿ ಹಣ ಹಾಕಿದರೆ ಕೆಲವು ಕಡೆ ಅದನ್ನು ‘ಮುಂದಿನ ಕಂತಿನ ಮುಂಗಡ’ ಎಂದು ಇಟ್ಟುಕೊಳ್ಳುತ್ತಾರೆ, ಅಸಲು ಇಳಿಯುವುದೇ ಇಲ್ಲ. ಅದಕ್ಕೆ ಕಟ್ಟುವಾಗ ‘ಪಾರ್ಟ್ ಪ್ರೀಪೇಮೆಂಟ್, ಕಂತಿನ ಮೊತ್ತ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಬರೆದುಕೊಟ್ಟು ಸೀಲ್ ಹಾಕಿಸಿಕೊಳ್ಳಿ. ವಾರದ ನಂತರ ಹೊಸ ಕಂತಿನ ಪಟ್ಟಿ ತೆಗೆಸಿ, ಕೊನೆಯ ಕಂತಿನ ತಾರೀಖು ಹಿಂದಕ್ಕೆ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಆ ದಿನವೇ ಮ್ಯಾನೇಜರ್ ಎದುರು ಕೂರಿ.

— ಗೃಹಸಾಲ ವಿಭಾಗದ ಉದ್ಯೋಗಿ, ಮಂಗಳೂರು