ಅಪ್ಪನಿಗೆ ಸರ್ಪಸುತ್ತು, ಅಮ್ಮನಿಗೆ ಲಸಿಕೆ ಹಾಕಿಸಬೇಕಾ?

ಅಪ್ಪನಿಗೆ 71 ವರ್ಷ. ನಿನ್ನೆಯಿಂದ ಸೊಂಟದ ಒಂದೇ ಬದಿಗೆ ಸರ್ಪಸುತ್ತಿನ ಗುಳ್ಳೆ ಎದ್ದಿವೆ. ಇಷ್ಟು ವರ್ಷ ಗಟ್ಟಿಯಾಗಿದ್ದವರಿಗೆ ಈಗ ಯಾಕೆ ಬಂತು? ಅಮ್ಮನಿಗೆ 66, ಅವರಿಗೆ ಲಸಿಕೆ ಹಾಕಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

— ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಅತ್ತೆಗೆ ಮೊದಲು ಬರೀ ಪಕ್ಕೆನೋವು ಇತ್ತು. ಉಳುಕು ಅಂದುಕೊಂಡು ಮುಲಾಮು ತಿಕ್ಕಿದೆವು. ಗುಳ್ಳೆ ಎದ್ದ ಮೇಲೆ ಯಾರೋ ಹೇಳಿದರು ಅಂತ ಕೆಮ್ಮಣ್ಣು ಹಚ್ಚಿದೆವು. ಐದು ದಿನ ಹೋಯಿತು. ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಗುಳ್ಳೆ ಒಣಗಿದರೂ ಉರಿ ಎಂಟು ತಿಂಗಳು ಬಿಡಲಿಲ್ಲ. ಸೀರೆ ಸೋಕಿದರೂ ಅಳುತ್ತಿದ್ದರು.

— ನಾನು ಜೀವಶಾಸ್ತ್ರದ ಮೇಷ್ಟ್ರಾಗಿದ್ದವನು. ನನಗೂ 68ಕ್ಕೆ ಆಗಿತ್ತು. ಅಪ್ಪನನ್ನು ಬೈಯಬೇಡಿ, ಇದು ಅವರ ತಪ್ಪಲ್ಲ. ಹೊರಗಿಂದ ಬಂದದ್ದೂ ಅಲ್ಲ. ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತಲ್ಲ, ಅದೇ ಚಿಕನ್ ಪಾಕ್ಸ್ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಉಳಿದಿರುತ್ತದೆ. ಅದು ತಲೆ ಎತ್ತದಂತೆ ಕಾಯುವವು ಟಿ ಕೋಶಗಳು ಅನ್ನೋ ಒಂದು ಬಗೆಯ ಬಿಳಿ ರಕ್ತಕಣಗಳು. ಅವುಗಳಲ್ಲಿ ಕಿಲ್ಲರ್ ಟಿ ಕೋಶ ಅಂತ ಒಂದು ಬಗೆ. ವೈರಸ್ ಹೊಕ್ಕ ಕೋಶವನ್ನು ಗುರುತಿಸಿ, ಪರ್ಫೊರಿನ್ ಅನ್ನೋ ಪ್ರೋಟೀನಿನಿಂದ ಅದಕ್ಕೆ ತೂತು ಮಾಡಿ, ಗ್ರಾಂಜೈಮ್ ಅನ್ನೋ ಕಿಣ್ವವನ್ನು ಒಳಗೆ ಬಿಟ್ಟು ಸಾಯಿಸುತ್ತವೆ.

ಟಿ ಕೋಶಗಳು ಪಳಗುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗಿ ಕೊಬ್ಬಾಗುತ್ತದೆ. ಹೊಸ ಕೋಶಗಳು ಬರುವುದು ಕಡಿಮೆ, ಹಳೆಯವೇ ಜಾಸ್ತಿ. ಜೊತೆಗೆ ಸೈಟೊಮೆಗಾಲೊ ಅನ್ನೋ ಇನ್ನೊಂದು ವೈರಸ್ ನಮ್ಮಲ್ಲಿ ಬಹಳ ಜನರೊಳಗೆ ಸುಮ್ಮನೆ ಕೂತಿರುತ್ತದೆ. ಅದೊಂದನ್ನು ಕಾಯುವುದಕ್ಕೇ ವಯಸ್ಸಾದವರ ಕಿಲ್ಲರ್ ಕೋಶಗಳಲ್ಲಿ ದೊಡ್ಡ ಪಾಲು ಮುಡಿಪಾಗಿರುತ್ತದೆ. ಹಳೆಯ ಕೋಶಗಳು ಮೈಮೇಲಿನ ಸಿಡಿ28 ಎಂಬ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಹಾಗಾಗಿ ಕರೆ ಬಂದಾಗ ಬೇಗ ಬೇಗ ಹೆಚ್ಚಲಾರವು. ರಕ್ತಪರೀಕ್ಷೆಯಲ್ಲಿ ನನ್ನ ಬಿಳಿ ರಕ್ತಕಣಗಳ ಲೆಕ್ಕ ಸರಿಯಾಗೇ ಇತ್ತು, ನೋಡಿ. ಎಣಿಕೆ ಸರಿ ಇದ್ದ ಮಾತ್ರಕ್ಕೆ ಕೆಲಸ ಮೊದಲಿನಂತೆ ನಡೆಯುತ್ತಿದೆ ಅಂತಲ್ಲ.

ಹಳೆಯ ಜೀವಂತ ಲಸಿಕೆ 70 ದಾಟಿದವರಲ್ಲಿ ಶೇ 38ರಷ್ಟು ಮಾತ್ರ ತಡೆಯುತ್ತಿತ್ತು. ಶಿಂಗ್ರಿಕ್ಸ್ ಅನ್ನೋ ಹೊಸ ಲಸಿಕೆ ಅದೇ ವಯಸ್ಸಿನವರಲ್ಲಿ ಪ್ರಯೋಗದ ವೇಳೆ ಶೇ 90ರಷ್ಟು ತಡೆಯಿತು. ಅದರಲ್ಲಿ ಬೆರೆಸಿರುವ ಉತ್ತೇಜಕ ವಸ್ತು ವಯಸ್ಸಾದವರ ಟಿ ಕೋಶಗಳನ್ನೂ, ಮುಖ್ಯವಾಗಿ ಉಳಿದ ಕೋಶಗಳನ್ನು ಹುರಿದುಂಬಿಸುವ ಸಹಾಯಕ ಟಿ ಕೋಶಗಳನ್ನು, ಚೆನ್ನಾಗಿ ಎಬ್ಬಿಸುತ್ತದೆ. ನಾನು ನನ್ನ ಹೆಂಡತಿಗೆ ಹಾಕಿಸಿದೆ. ನಿಮ್ಮ ಅಮ್ಮನಿಗೂ ಹಾಕಿಸಿ ಅನ್ನುತ್ತೇನೆ.

— ನಮ್ಮ ಅಮ್ಮನಿಗೂ ಅದೇ ಹಾಕಿಸಿದೆವು. 2023ರಿಂದ ಇಲ್ಲಿ ಸಿಗುತ್ತಿದೆ, 50 ದಾಟಿದವರಿಗೆ. ದುಬಾರಿ, ನಿಜ. ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಒಂದು ದಿನ ತೋಳುನೋವು, ಮೈಕೈ ನೋವು, ಜ್ವರ ಇತ್ತು, ಅಷ್ಟೇ. ಅಪ್ಪನಿಗೂ ವಾಸಿಯಾದ ಮೇಲೆ ಯಾವಾಗ ಹಾಕಿಸಬೇಕು ಅಂತ ಡಾಕ್ಟರನ್ನು ಕೇಳಿ. ಗುಳ್ಳೆ ಒಣಗುವ ತನಕ ಚಿಕನ್ ಪಾಕ್ಸ್ ಆಗದ ಮಕ್ಕಳು, ಬಸುರಿಯರು ಅವರ ಹತ್ತಿರ ಹೋಗದಂತೆ ನೋಡಿಕೊಳ್ಳಿ.